ಲಾಭ ಬಂತು ಸರಿ, ಅದರಲ್ಲಿ ಜಾಣತನ ಎಷ್ಟು, ಕಾಲ ಎಷ್ಟು?

ಗುಂಡಿ ಸರ್ಕಲ್ (ದಾವಣಗೆರೆ)

ನೇರ ಪ್ರಶ್ನೆ. ಐದಾರು ವರ್ಷದಲ್ಲಿ ಷೇರಿಗೆ ಹಾಕಿದ ದುಡ್ಡು ಎರಡೂವರೆ ಪಟ್ಟು ಆಗಿದೆ ಅಂತಿಟ್ಟುಕೊಳ್ಳಿ. ಅದರಲ್ಲಿ ಹಾಕಿದವನ ಜಾಣತನ ಎಷ್ಟು, ಕಾಲ ಕೂಡಿ ಬಂದದ್ದು ಎಷ್ಟು? ಲೆಕ್ಕ ಹಾಕಿ ತೋರಿಸೋ ದಾರಿ ಇದ್ದರೆ ಹೇಳಿ. ಷೇರು ಅಂತಲೇ ಅಲ್ಲ. ಸೈಟು, ಮೆಕ್ಕೆಜೋಳ, ಈರುಳ್ಳಿ, ಬೋರ್‌ವೆಲ್ ಪಾಯಿಂಟು, ಎಲ್ಲ ಕಡೆ ಇದೇ ಜಗಳ. ಗೆದ್ದವನು "ನಂಗೆ ಮೊದಲೇ ಗೊತ್ತಿತ್ತು" ಅಂತಾನೆ, ಸೋತವನು "ಗ್ರಹಚಾರ" ಅಂತಾನೆ.

ಮಂಡಿಪೇಟೆ ಲೆಕ್ಕ

ಎರಡೂವರೆ ಪಟ್ಟು ಅಂತ ಕೇಳಿದ ಕೂಡಲೇ ಕೇಳಬೇಕಾದ್ದು: ಯಾವತ್ತಿನಿಂದ ಯಾವತ್ತಿಗೆ? 2020ರ ಮಾರ್ಚ್ 23ಕ್ಕೆ ನಿಫ್ಟಿ (50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) 7,610ಕ್ಕೆ ಮುಗಿದಿತ್ತು. 2021ರ ಅಕ್ಟೋಬರ್ 18ಕ್ಕೆ 18,477. ಹತ್ತೊಂಬತ್ತು ತಿಂಗಳಲ್ಲಿ 2.4 ಪಟ್ಟು. ಆ ಅವಧಿಯಲ್ಲಿ ಇಂಡೆಕ್ಸ್ ಫಂಡ್ (ಸೂಚ್ಯಂಕದಲ್ಲಿರೋ ಷೇರುಗಳನ್ನೇ ಹಂಗೇ ಕೊಳ್ಳೋ ಮ್ಯೂಚುಯಲ್ ಫಂಡ್) ತಗೊಂಡು ಮಲಗಿದ್ದವನಿಗೂ ಅಷ್ಟು ಬಂದಿದೆ. ಅದೇ ಮನುಷ್ಯ 2008ರ ಜನವರಿಯಲ್ಲಿ, ಸೆನ್ಸೆಕ್ಸ್ 20,800ರ ಮೇಲಿದ್ದಾಗ ಶುರು ಮಾಡಿದ್ದರೆ 2009ರ ಮಾರ್ಚ್ 9ಕ್ಕೆ 8,160 ನೋಡಬೇಕಿತ್ತು. ಬುದ್ಧಿ ಅದೇ, ಇಸವಿ ಬೇರೆ.

ಹಂಗಾಗಿ "ಎಷ್ಟು ಬಂತು" ಅನ್ನೋದಕ್ಕಿಂತ "ಅದೇ ದಿನ, ಅದೇ ದುಡ್ಡು, ಏನೂ ತಲೆ ಓಡಿಸದೆ ಇಂಡೆಕ್ಸ್‌ಗೆ ಹಾಕಿದ್ದರೆ ಎಷ್ಟು ಬರ್ತಿತ್ತು" ಅಂತ ನೋಡಬೇಕು. ಮಾಡೋ ಕ್ರಮ ಹೀಗೆ.

ಬ್ರೋಕರ್ ಕಡೆಯಿಂದ ಲೆಡ್ಜರ್ (ಖಾತೆಯ ಜಮಾ ಖರ್ಚಿನ ಪಟ್ಟಿ) ಇಳಿಸಿಕೊಳ್ಳಿ, ಶುರುವಿನಿಂದ ಇವತ್ತಿನವರೆಗೆ. ಅದರಲ್ಲಿ ಬ್ಯಾಂಕಿನಿಂದ ಒಳಗೆ ಬಂದ ದುಡ್ಡು, ಬ್ಯಾಂಕಿಗೆ ವಾಪಸ್ ಹೋದ ದುಡ್ಡು, ಇವೆರಡೇ ಸಾಲು ಬೇಕು. ಯಾವ ಷೇರು ಯಾವಾಗ ತಗೊಂಡಿರಿ ಅನ್ನೋದು ಬೇಡವೇ ಬೇಡ. ಒಂದು ಗೂಗಲ್ ಶೀಟಿನಲ್ಲಿ ಮೊದಲ ಕಾಲಂ ತಾರೀಕು, ಎರಡನೇದು ಮೊತ್ತ. ಒಳಗೆ ಹಾಕಿದ್ದು ಮೈನಸ್, ಹೊರಗೆ ತೆಗೆದದ್ದು ಪ್ಲಸ್. ಕೊನೇ ಸಾಲಿಗೆ ಇವತ್ತಿನ ತಾರೀಕು ಹಾಕಿ, ಈಗಿರೋ ಷೇರುಗಳ ಬೆಲೆಗೆ ಖಾತೆಯಲ್ಲಿ ಸುಮ್ಮನೆ ಕೂತಿರೋ ದುಡ್ಡು ಕೂಡಿಸಿ ಪ್ಲಸ್ ಬರೆಯಿರಿ. ಎಕ್ಸ್‌ಐಆರ್‌ಆರ್ (XIRR) ಫಾರ್ಮುಲಾ ಹಾಕಿದರೆ ನಿಮ್ಮ ವಾರ್ಷಿಕ ಶೇಕಡಾ ಬರುತ್ತೆ.

ಈಗ ಮೂರನೇ ಕಾಲಂ. ಯಾವುದಾದರೂ ಒಂದು ನಿಫ್ಟಿ 50 ಇಂಡೆಕ್ಸ್ ಫಂಡಿನ ಡೈರೆಕ್ಟ್ ಗ್ರೋತ್ ಎನ್‌ಎವಿಯನ್ನು (ಒಂದು ಯೂನಿಟ್ಟಿನ ಅವತ್ತಿನ ಬೆಲೆ) ಮ್ಯೂಚುಯಲ್ ಫಂಡ್ ಕಂಪನಿಗಳ ಸಂಘ ಆಂಫಿಯ ತಾಣದಿಂದ ಆಯಾ ತಾರೀಕಿಗೆ ತೆಗೆದು ಬರೆಯಿರಿ. ಹಾಕಿದ ಮೊತ್ತವನ್ನು ಎನ್‌ಎವಿಯಿಂದ ಭಾಗಿಸಿದರೆ ಯೂನಿಟ್. ಉದಾಹರಣೆಗೆ ಎನ್‌ಎವಿ 100 ಇದ್ದಾಗ 50,000 ಹಾಕಿದರೆ 500 ಯೂನಿಟ್, 150 ಇದ್ದಾಗ 30,000 ಹಾಕಿದರೆ 200, 160 ಇದ್ದಾಗ 20,000 ತೆಗೆದರೆ 125 ಕಳೆಯಿತು. ಉಳಿದದ್ದು 575. ಇವತ್ತಿನ ಎನ್‌ಎವಿ 200 ಆದರೆ 1,15,000 ರೂಪಾಯಿ. ನಿಮ್ಮ ಖಾತೆಯಲ್ಲಿ 1,08,000 ಇದ್ದರೆ, ಅಷ್ಟು ವರ್ಷ ತಲೆಕೆಡಿಸಿಕೊಂಡಿದ್ದಕ್ಕೆ 7,000 ರೂಪಾಯಿ ದಂಡ ಕಟ್ಟಿದ್ದೀರಿ. ಲಾಭ ಇದ್ದೂ ದಂಡ. ಇದನ್ನ ಆ್ಯಪು ಎಲ್ಲೂ ತೋರಿಸಲ್ಲ.

ಕೋಟೆ ಬುರುಜು (ಚಿತ್ರದುರ್ಗ)

ಲೆಕ್ಕ ಸರಿ. ಆದರೆ ಇದೇ ಲೆಕ್ಕದಲ್ಲಿ ಜನ ತಪ್ಪೋ ಜಾಗಗಳಿವೆ, ಒಂದನ್ನ ಬಿಟ್ಟು ಎಲ್ಲ ತಪ್ಪೂ ನಮ್ಮನ್ನ ಜಾಣರಂಗೇ ತೋರಿಸೋ ಕಡೆಗೆ ವಾಲಿರುತ್ತೆ. ಅದೇ ಮಜ.

ದೊಡ್ಡ ತಪ್ಪು ಹೋಲ್ಡಿಂಗ್ಸ್ ಪುಟ ನೋಡಿ ಖುಷಿಪಡೋದು. ನಷ್ಟಕ್ಕೆ ಮಾರಿದ ಷೇರು ಆ ಪುಟದಿಂದ ಮಾಯ. ಉಳಿದಿರೋದು ಏರಿದವು, ಇಲ್ಲಾ ಇನ್ನೂ ಆಸೆ ಇಟ್ಟುಕೊಂಡವು. ಅದಕ್ಕೇ ಲೆಡ್ಜರ್ ದಾರಿ ಒಳ್ಳೇದು, ಸತ್ತ ಷೇರಿನ ದುಡ್ಡೂ ಅಲ್ಲಿ ಲೆಕ್ಕಕ್ಕೆ ಸಿಗುತ್ತೆ.

ಡಿವಿಡೆಂಡ್ (ಕಂಪನಿ ಹಂಚೋ ಲಾಭದ ಪಾಲು) ಬ್ರೋಕರ್ ಖಾತೆಗೆ ಬರಲ್ಲ, ಸೀದಾ ಬ್ಯಾಂಕಿಗೆ ಬರುತ್ತೆ. ಅದನ್ನ ಪಾಸ್‌ಬುಕ್ಕಿನಿಂದ ಹುಡುಕಿ ಪ್ಲಸ್ ಸಾಲು ಹಾಕಬೇಕು. ಇದೊಂದು ಮಾತ್ರ ನಮ್ಮನ್ನ ಕಡಿಮೆ ತೋರಿಸೋ ತಪ್ಪು. ಹಂಗೇ, ಹೋಲಿಸೋಕೆ ಬರೀ ನಿಫ್ಟಿ ಅಂಕ ತಗೊಂಡರೆ ಅದರಲ್ಲಿ ಡಿವಿಡೆಂಡ್ ಇರಲ್ಲ. ಮ್ಯೂಚುಯಲ್ ಫಂಡ್ ಕಂಪನಿಗಳೇ 2018ರ ಫೆಬ್ರವರಿವರೆಗೆ ಡಿವಿಡೆಂಡ್ ಬಿಟ್ಟ ಸೂಚ್ಯಂಕದ ಜೊತೆ ಹೋಲಿಸಿಕೊಂಡು ಎದೆ ಉಬ್ಬಿಸ್ತಿದ್ದವು. ಆಮೇಲೆ ಷೇರುಪೇಟೆ ನಿಯಂತ್ರಕ ಸೆಬಿ ಡಿವಿಡೆಂಡ್ ಸೇರಿದ ಸೂಚ್ಯಂಕವನ್ನೇ ಕಡ್ಡಾಯ ಮಾಡ್ತು. ಮಂಡಿಪೇಟೆಯವರು ಗ್ರೋತ್ ಎನ್‌ಎವಿ ಅಂದಿದ್ದು ಅದಕ್ಕೇ, ಅದರೊಳಗೆ ಡಿವಿಡೆಂಡ್ ಸೇರಿಹೋಗಿರುತ್ತೆ.

ತೆರಿಗೆ: ವರ್ಷದೊಳಗೆ ಮಾರಿದ ಲಾಭಕ್ಕೆ 2024ರ ಜುಲೈ 23ರಿಂದ ಶೇ 20. ವರ್ಷ ದಾಟಿದ್ದಕ್ಕೆ 1.25 ಲಕ್ಷದ ಮೇಲೆ ಶೇ 12.5. ಇದು ಲೆಡ್ಜರ್‌ನಲ್ಲಿ ಕಾಣಲ್ಲ, ರಿಟರ್ನ್ ಫೈಲ್ ಮಾಡುವಾಗ ಬ್ಯಾಂಕಿನಿಂದ ಹೋಗುತ್ತೆ. ತಗೊಂಡು ಮಾರಿ ತಗೊಂಡು ಮಾರಿ ಮಾಡಿದವರು ಆ ಕಟ್ಟಿದ ದುಡ್ಡನ್ನೂ ಮೈನಸ್ ಸಾಲಾಗಿ ಹಾಕಬೇಕು.

ಇನ್ನೊಂದು, ಐಪಿಒ (ಕಂಪನಿ ಮೊದಲ ಸಲ ಜನರಿಗೆ ಷೇರು ಮಾರೋದು) ಲಾಭ ಬೇರೆ ಇಡಿ. ಅರ್ಜಿ ಜಾಸ್ತಿ ಬಂದಾಗ ಸಣ್ಣ ಹೂಡಿಕೆದಾರರಿಗೆ ಒಂದೊಂದು ಲಾಟ್ (ಷೇರಿನ ಕನಿಷ್ಠ ಕಂತೆ) ಹಂಚೋದು ಚೀಟಿ ಎತ್ತಿದ ಹಂಗೆ, ಕಂಪ್ಯೂಟರ್ ಲಾಟರಿಯಲ್ಲಿ. ಅದರಲ್ಲಿ ಬಂದ ಲಿಸ್ಟಿಂಗ್ ಲಾಭಕ್ಕೆ (ಷೇರು ಪೇಟೆಗೆ ಬಂದ ದಿನದ ಏರಿಕೆಗೆ) "ನನ್ನ ರಿಸರ್ಚ್" ಅನ್ನೋದು ನಗೆಪಾಟಲು. ಉಲ್ಟಾ, ಕೇಳಿದಷ್ಟೂ ಸಲೀಸಾಗಿ ಸಿಕ್ಕಿತು ಅಂದರೆ ಬೇರೆಯವರಿಗೆ ಅದು ಬೇಡವಾಗಿತ್ತು ಅಂತ ಅರ್ಥ. ಒಳ್ಳೇದರಲ್ಲಿ ಒಂದು ಲಾಟ್, ಕೆಟ್ಟದ್ದರಲ್ಲಿ ಪೂರ್ತಿ ಲಾಟ್, ಹೀಗೇ ಕೈಗೆ ಬರೋದು.

ಗುಂಡಿ ಸರ್ಕಲ್ (ದಾವಣಗೆರೆ)

ಸರಿ ಸಾರ್, ಇಂಡೆಕ್ಸ್‌ಗಿಂತ ವರ್ಷಕ್ಕೆ ಶೇ 2 ಜಾಸ್ತಿ ಬಂದಿದೆ ಅಂತ ಲೆಕ್ಕ ಹೇಳ್ತು. ಆಗ ಜಾಣ ಅಂತ ಒಪ್ಪಬಹುದಲ್ಲ?

ಮಂಡಿಪೇಟೆ ಲೆಕ್ಕ

ಎಷ್ಟು ವರ್ಷ ಅನ್ನೋದರ ಮೇಲೆ. ಪ್ರತಿ ವರ್ಷ ನಿಮ್ಮ ಶೇಕಡಾದಿಂದ ಇಂಡೆಕ್ಸ್ ಶೇಕಡಾ ಕಳೆಯಿರಿ. ಆ ವ್ಯತ್ಯಾಸ ಒಂದು ವರ್ಷ ಪ್ಲಸ್ 10, ಇನ್ನೊಂದು ವರ್ಷ ಮೈನಸ್ 6 ಅಂತ ಕುಣಿಯುತ್ತೆ. ಆ ಕುಣಿತದ ಅಳತೆ, ಸ್ಟ್ಯಾಂಡರ್ಡ್ ಡೀವಿಯೇಷನ್, 8 ಇದೆ ಅನ್ನಿ. ಸರಾಸರಿ ಮುನ್ನಡೆ 2. ಆ 2 ಬರೀ ಆಕಸ್ಮಿಕ ಅಲ್ಲ ಅಂತ ಸುಮಾರಾಗಿ ನಂಬೋಕೆ ಬೇಕಾದ ವರ್ಷ: 8ರ ಎರಡರಷ್ಟನ್ನು 2ರಿಂದ ಭಾಗಿಸಿ ವರ್ಗ ಮಾಡಿ. 16 ಭಾಗ 2, ಎಂಟು. ಎಂಟೆಂಟ್ಲ ಅರವತ್ತನಾಲ್ಕು. 64 ವರ್ಷ.

ಕುಣಿತ 6, ಮುನ್ನಡೆ 4 ಇದ್ದರೆ 9 ವರ್ಷ ಸಾಕು. ಆದರೆ ಶೇ 4 ಮುನ್ನಡೆಯನ್ನು 9 ವರ್ಷ ಹಿಡಿದವರು ಎಷ್ಟು ಜನ ಸಿಕ್ಕಾರು?

ಮಂಡಕ್ಕಿ ಮಿರ್ಚಿ

64 ವರ್ಷ ಅಂದ್ರೆ ಚಟ್ಟ ಏರೋ ಹೊತ್ತಿಗೆ ರಿಸಲ್ಟ್ ಬರುತ್ತೆ 😄 ಹಂಗಾದ್ರೆ ಯಾರೂ ಯಾರನ್ನೂ ಜಾಣ ಅನ್ನೋ ಹಂಗಿಲ್ವಾ?

ಕೋಟೆ ಬುರುಜು (ಚಿತ್ರದುರ್ಗ)

ವರ್ಷ ಎಣಿಸಿದರೆ ಹಂಗೇ. ನಿರ್ಧಾರ ಎಣಿಸಿದರೆ ಬೇಗ ಗೊತ್ತಾಗುತ್ತೆ. ಹತ್ತರಲ್ಲಿ ಏಳು ಸರಿ ಹೇಳಿದ ಅಂದರೆ ಏನೂ ಅಲ್ಲ, ನಾಣ್ಯ ಚಿಮ್ಮಿದರೂ ಹತ್ತರಲ್ಲಿ ಏಳೋ ಅದಕ್ಕಿಂತ ಹೆಚ್ಚೋ ಬರೋ ಸಂಭವ ಶೇ 17. ನೂರರಲ್ಲಿ ಎಪ್ಪತ್ತು ಸರಿ ಅಂದರೆ ಆಕಸ್ಮಿಕ ಅನ್ನೋಕೆ ಜಾಗವೇ ಇಲ್ಲ.

ಒಂದು ಎಚ್ಚರ. ನೂರು ಬೇರೆ ಬೇರೆ ನಿರ್ಧಾರ ಆಗಿರಬೇಕು. 2023ರಲ್ಲಿ ಹತ್ತು ಸರ್ಕಾರಿ ಕಂಪನಿ ಷೇರು ತಗೊಂಡು ಹತ್ತೂ ಏರಿದವು ಅಂದರೆ ಅದು ಹತ್ತು ಗೆಲುವಲ್ಲ. ಒಂದೇ ಗಾಳಿಗೆ ಹತ್ತು ಮೊರ ಹಿಡಿದದ್ದು.

ಎಷ್ಟು ಸಲ ಗೆದ್ದ ಅನ್ನೋದೂ ಮೋಸ ಮಾಡುತ್ತೆ. ಆಪ್ಷನ್ (ಮುಂದಿನ ಬೆಲೆ ಮೇಲೆ ಕಟ್ಟೋ ಒಪ್ಪಂದ) ಮಾರೋರ ಲೆಕ್ಕ ನೋಡಿ: ಒಂಬತ್ತು ವಾರ ತಲಾ 2,000 ಲಾಭ, ಹತ್ತನೇ ವಾರ 25,000 ನಷ್ಟ. ಹತ್ತಕ್ಕೆ ಒಂಬತ್ತು ಗೆಲುವು, ಕೈಯಿಂದ ಹೋದದ್ದು 7,000. ಒಂಬತ್ತನೇ ವಾರದ ಕೊನೆಗೆ ಕೇಳಿದರೆ ಅವನೇ ಗುರು. ಆ ಒಂಬತ್ತು ವಾರ ಅವನು ದುಡಿದದ್ದು ಹತ್ತನೇ ವಾರದ ಬಾಡಿಗೆ.

ಸೆಬಿಯ 2024ರ ಸೆಪ್ಟೆಂಬರ್ ವರದಿ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ ಆಡಿದ ಒಂದು ಕೋಟಿಗೂ ಹೆಚ್ಚು ಬಿಡಿ ವ್ಯಕ್ತಿಗಳಲ್ಲಿ ಶೇ 93 ಮಂದಿಗೆ ನಷ್ಟ. ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿದೆ. ಖರ್ಚೆಲ್ಲ ಕಳೆದು ಲಕ್ಷಕ್ಕಿಂತ ಹೆಚ್ಚು ಲಾಭ ಮಾಡಿದವರು ಶೇ 1. ಒಂದು ಕೋಟಿಯಲ್ಲಿ ಶೇ 1 ಅಂದರೂ ಒಂದು ಲಕ್ಷ ಜನ ಆಯ್ತಲ್ಲ. ಸ್ಕ್ರೀನ್‌ಶಾಟ್ ಹಾಕೋಕೆ ಅಷ್ಟು ಜನ ಬೇಕಾದಷ್ಟಾಯ್ತು.

ಮಂಡಕ್ಕಿ ಮಿರ್ಚಿ

ಟೆಲಿಗ್ರಾಮ್ ಟಿಪ್ಸ್ ಆಟವೂ ಸೇರಿಸಿ. 1,024 ನಂಬರಿಗೆ ಮೆಸೇಜು, ಅರ್ಧಕ್ಕೆ "ನಾಳೆ ಏರುತ್ತೆ", ಅರ್ಧಕ್ಕೆ "ಇಳಿಯುತ್ತೆ". ತಪ್ಪಾದ 512 ಜನರನ್ನ ಬಿಟ್ಟು ಉಳಿದವರಿಗೆ ಮತ್ತೆ ಅರ್ಧ ಅರ್ಧ. ಆರು ದಿನ ಆದ ಮೇಲೆ 16 ಜನ ಉಳೀತಾರೆ, ಅವರ ಕಣ್ಣಿಗೆ ಇವನು ಆರಕ್ಕೆ ಆರು ಸರಿ ಹೇಳಿದ ಮಹಾತ್ಮ. ಫೀಸು ಕೇಳೋದು ಅವರ ಹತ್ರ ಮಾತ್ರ.

ಮಾರಿಕಣಿವೆ 130 (ಹಿರಿಯೂರು)

ಬೋರ್‌ವೆಲ್ ಪಾಯಿಂಟಿಗೂ ಇದೇ. ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತ ಜಾಗದಲ್ಲಿ ಕೊರೆಸಿದರೆ ನೀರು ಬಂತು ಅಂತಾರೆ. ಬಂದದ್ದು ಸುಳ್ಳಲ್ಲ. ಆದರೆ ಆ ಊರಲ್ಲಿ ಕಾಯಿ ಹಿಡಿಯದೆ ಕೊರೆಸಿದ ಹತ್ತು ಬೋರಿನಲ್ಲಿ ಎಷ್ಟಕ್ಕೆ ಬಂದಿದೆ ಅಂತ ಯಾರೂ ಎಣಿಸಲ್ಲ. ಹತ್ತಕ್ಕೆ ಆರು ಬರೋ ಊರು ಅನ್ನಿ. ಅಲ್ಲಿ ಕಾಯಿಯವನು ಹತ್ತಕ್ಕೆ ಎಂಟು ತೋರಿಸಿದರೂ, ಕಣ್ಣು ಮುಚ್ಚಿ ಕಲ್ಲೆಸೆದು ಪಾಯಿಂಟ್ ಮಾಡಿದವನಿಗೆ ಎಂಟೋ ಅದಕ್ಕಿಂತ ಹೆಚ್ಚೋ ಬರೋ ಸಂಭವ ಸುಮಾರು ಶೇ 17. ಅಂದರೆ ತಾಲ್ಲೂಕಿನಲ್ಲಿ ಆರು ಜನ ಪಾಯಿಂಟ್ ತೋರಿಸೋರಿದ್ದರೆ ಅದರಲ್ಲೊಬ್ಬ ಏನೂ ಗೊತ್ತಿಲ್ಲದೆಯೂ ಹೆಸರುವಾಸಿ ಆಗ್ತಾನೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ.

ಪರೀಕ್ಷೆ ಮಾಡೋದಾದರೆ ಹಿಂದಿನ ಕತೆ ಕೇಳಬೇಡಿ. ಇವತ್ತಿನಿಂದ ಮುಂದಿನ ಇಪ್ಪತ್ತು ಮೂವತ್ತು ಪಾಯಿಂಟನ್ನ ಕೊರೆಸೋಕೆ ಮೊದಲೇ ಬರೆದಿಡಿ: ತಾರೀಕು, ಸರ್ವೆ ನಂಬರು, ಎಷ್ಟು ಅಡಿಗೆ ಎಷ್ಟು ಇಂಚು ಅಂತ ಹೇಳಿದ. ಕೊರೆದ ಮೇಲೆ ನಿಜವಾಗಿ ಎಷ್ಟು ಅಡಿ, ಎಷ್ಟು ಇಂಚು. ಪಕ್ಕದಲ್ಲಿ ಅದೇ ಊರಿನ, ಅದೇ ವರ್ಷದ ಬೇರೆ ಬೋರುಗಳು. "ಯಶಸ್ಸು" ಅಂದರೆ ಏನು ಅಂತಲೂ ಮೊದಲೇ ಬರೆಯಬೇಕು, ಒಂದೂವರೆ ಇಂಚೋ ಎರಡೋ. ಇಲ್ಲದಿದ್ದರೆ ಅರ್ಧ ಇಂಚೂ ಗಂಗೆ ಆಗ್ತಾಳೆ. ಬತ್ತಿದ್ದಕ್ಕೆ "ರಿಗ್‌ನವರು ಎರಡಡಿ ಪಕ್ಕಕ್ಕೆ ಹಾಕಿದ್ರು", "ಇನ್ನೂ ನೂರಡಿ ಹೋಗಬೇಕಿತ್ತು" ಅನ್ನೋ ಮಾತನ್ನ ಸೋಲು ಅಂತಲೇ ಬರೀಬೇಕು.

ವರ್ಷ ಒಂದೇ ಇರಬೇಕು ಅಂದಿದ್ದಕ್ಕೆ ಕಾರಣ ಇದೆ. ವಾಣಿವಿಲಾಸ ಸಾಗರ 1933ರಲ್ಲಿ ತುಂಬಿದ್ದು, ಮತ್ತೆ ತುಂಬಿ ಕೋಡಿ ಬಿದ್ದಿದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ. ಅಂಥ ಮಳೆ ಆದ ವರ್ಷ ಅಂತರ್ಜಲ ಮೇಲೆ ಬಂದಿರುತ್ತೆ, ಪಾಯಿಂಟ್ ತೋರಿಸಿದ ಎಲ್ಲರೂ ಗೆಲ್ತಾರೆ. ಬರದ ವರ್ಷದ ಸೋಲಿನ ಜೊತೆ ಅದನ್ನ ಹೋಲಿಸಿದರೆ "ಈಗ ಕೈಗುಣ ಬಂದಿದೆ" ಅನ್ನಿಸುತ್ತೆ.

ಹಂಗಂತ ಜಾಗ ಆರಿಸೋದರಲ್ಲಿ ಏನೂ ಇಲ್ಲ ಅಂತಲ್ಲ. ನಮ್ಮದು ಗಟ್ಟಿ ಕಲ್ಲಿನ ಸೀಮೆ. ನೀರು ಇರೋದು ಮೇಲಿನ ಶಿಥಿಲ ಪದರದಲ್ಲಿ, ಕೆಳಗೆ ಬಂಡೆಯ ಬಿರುಕಿನಲ್ಲಿ. ಬಿರುಕು ಎತ್ತ ಓಡಿದೆ, ಹಳ್ಳ ಎಲ್ಲಿ, ಕೆರೆ ಎಷ್ಟು ದೂರ ಅಂತ ನೋಡೋದಕ್ಕೆ ಅರ್ಥ ಇದೆ. ವಿದ್ಯುತ್ ರೋಧ ಅಳೆಯೋ ಮೆಷಿನ್ ತರೋರೂ ಇದಾರೆ. ಅವರಿಗೂ ಇದೇ ನೋಟ್‌ಬುಕ್ ಪರೀಕ್ಷೆ ಆಗಬೇಕು, ಮೆಷಿನ್ ಇದೆ ಅಂತ ರಿಯಾಯಿತಿ ಬೇಡ.

ಒಣಬೇಸಾಯ (ಜಗಳೂರು)

ಬೆಳೆ ಲೆಕ್ಕ ಹೇಳ್ತೀನಿ. ಇದರಲ್ಲಿ ಕೈಗುಣ ಮತ್ತು ಕಾಲವನ್ನ ಷೇರಿಗಿಂತ ಚೆನ್ನಾಗಿ ಬಿಡಿಸಬಹುದು, ಯಾಕಂದರೆ ಇಳುವರಿ ಬೇರೆ, ದರ ಬೇರೆ.

ಹೋಬಳಿಯಲ್ಲಿ ಮೆಕ್ಕೆಜೋಳ ಎಕರೆಗೆ ಸಾಮಾನ್ಯ 20 ಕ್ವಿಂಟಾಲ್, ಸಾಮಾನ್ಯ ದರ 2,000 ಅಂತಿಟ್ಟುಕೊಳ್ಳಿ. 40,000. ಒಬ್ಬ ರೈತ 25 ಕ್ವಿಂಟಾಲ್ ಬೆಳೆದು 2,400ಕ್ಕೆ ಮಾರಿದ. 60,000. ಹೆಚ್ಚುವರಿ 20,000. ಅದನ್ನ ಒಡೆಯಿರಿ: ಹೆಚ್ಚು ಬೆಳೆದ 5 ಕ್ವಿಂಟಾಲ್ ಗುಣಿಸು 2,000, ಅದು 10,000. ಹೆಚ್ಚು ಸಿಕ್ಕ 400 ಗುಣಿಸು 20, ಅದು 8,000. ಎರಡೂ ಸೇರಿ ಬಂದದ್ದು 2,000. ಮೊದಲನೇ 10,000ದಲ್ಲಿ ಕೈಗುಣದ ಪಾಲು ದೊಡ್ಡದು. ಮಳೆ ಇಬ್ಬರಿಗೂ ಒಂದೇ ಬಿದ್ದಿದ್ದರೆ ಬೀಜ, ಸಾಲಿನ ಅಂತರ, ಮೇಲುಗೊಬ್ಬರ ಕೊಟ್ಟ ಹೊತ್ತು, ಸೈನಿಕ ಹುಳಕ್ಕೆ ಎಷ್ಟು ಬೇಗ ಎಚ್ಚೆತ್ತ ಅನ್ನೋದೇ ವ್ಯತ್ಯಾಸ. ಆದರೂ ಒಂದು ಸರ್ತಿ ಮಳೆ ಒಂದು ಹೊಲಕ್ಕೆ ಹೊಡೆದು ಪಕ್ಕದ ಹೊಲ ಬಿಡೋ ಸೀಮೆ ನಮ್ಮದು, ಹಂಗಾಗಿ ನಾಲ್ಕೈದು ವರ್ಷದ ಇಳುವರಿ ನೋಡಬೇಕು.

8,000 ಇದೆಯಲ್ಲ, ಅದಕ್ಕೆ ರೈತ ಮೀಸೆ ತಿರುವೋ ಹಾಗಿಲ್ಲ. "ಕಾದು ಮಾರಿದೆ, ಅದಕ್ಕೇ ದರ ಸಿಕ್ತು" ಅಂತಾರೆ. ಕಾದಿದ್ದರ ಖರ್ಚು ಹಾಕ್ರಿ ಮೊದಲು. ಶೇ 20 ತೇವದ 100 ಕೆಜಿ ಕಾಳು ಶೇ 14ಕ್ಕೆ ಒಣಗಿದರೆ 93 ಕೆಜಿ. ಏಳು ಕೆಜಿ ಗಾಳಿಗೆ. 2,000ಕ್ಕೆ ಹಸಿಯಾಗಿ ಮಾರೋದಕ್ಕೆ ಸಮ ಆಗಬೇಕಾದರೆ ಒಣಗಿದ್ದಕ್ಕೆ 2,150 ಸಿಗಬೇಕು. ತಿಂಗಳಿಗೆ ಶೇ 1 ಬಡ್ಡಿ, ಎರಡು ತಿಂಗಳಿಗೆ 40. ಚೀಲ, ಹಮಾಲಿ, ಇಲಿ, ಹುಳ ಬೇರೆ. ಸುಮಾರು 2,200 ದಾಟಿದ ಮೇಲೆ ಬಂದದ್ದಷ್ಟೇ ಕಾದಿದ್ದರ ಲಾಭ. ಅದೂ ಎಂಟು ಹತ್ತು ವರ್ಷ ಇದೇ ನಿಯಮದಲ್ಲಿ ಕಾದು ಸರಾಸರಿ ತೆಗೆದರೆ. ಹಳೇ ದರಗಳು ಸರ್ಕಾರದ ಕೃಷಿ ಮಾರಾಟವಾಹಿನಿ ತಾಣದಲ್ಲಿ ಸಿಗ್ತವೆ, ದಾವಣಗೆರೆ ಮಾರುಕಟ್ಟೆದು ತೆಗೆದು ನೋಡ್ರಿ.

ಈರುಳ್ಳಿ ಇನ್ನೂ ಕಷ್ಟ. 2019ರ ಸೆಪ್ಟೆಂಬರ್ 29ಕ್ಕೆ ಕೇಂದ್ರ ರಫ್ತು ನಿಲ್ಲಿಸಿತು. 2023ರ ಡಿಸೆಂಬರ್ 8ಕ್ಕೆ ಮತ್ತೆ. ಹಿಂದಿನ ದಿನ ಲಾರಿ ತುಂಬಿದವನು ಚತುರ, ಮರುದಿನ ತುಂಬಿದವನು ದಡ್ಡ ಅನ್ನೋಕೆ ಬರುತ್ತಾ? ದೆಹಲಿಯಲ್ಲಿ ಸಹಿ ಬಿದ್ದದ್ದು ಇಬ್ಬರಿಗೂ ಗೊತ್ತಿರಲಿಲ್ಲ. ಆದರೆ ಮೊದಲನೆಯವನು ಮುಂದಿನ ವರ್ಷ ಎರಡು ಪಟ್ಟು ಜಮೀನು ಗುತ್ತಿಗೆ ಹಿಡೀತಾನೆ. ಊರೆಲ್ಲ ಅವನನ್ನ ನೋಡಿ ಈರುಳ್ಳಿ ಹಾಕುತ್ತೆ, ಕೊಯ್ಲಿಗೆ ಎಲ್ಲರ ಮಾಲೂ ಒಟ್ಟಿಗೆ ಬರುತ್ತೆ, ಚೀಲದ ದುಡ್ಡು ಹುಟ್ಟಲ್ಲ.

ಗಾಣದೆಣ್ಣೆ (ಚಳ್ಳಕೆರೆ)

ಎಣ್ಣೆ ಮಿಲ್ಲಿಗೂ ಅಷ್ಟೇ. 2024ರ ಸೆಪ್ಟೆಂಬರ್ ಮಧ್ಯದಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗೆ ಮೂಲ ಆಮದು ಸುಂಕ ಸೊನ್ನೆಯಿಂದ ಶೇ 20ಕ್ಕೆ ಹೋಯ್ತು, 2025ರ ಮೇ ಕೊನೆಗೆ ಶೇ 10ಕ್ಕೆ ಇಳೀತು. ಅವತ್ತು ಗೋಡೌನಿನಲ್ಲಿ ಸ್ಟಾಕ್ ಇದ್ದವರಿಗೆ ರಾತ್ರೋರಾತ್ರಿ ಲಾಭ, ಇನ್ನೊಂದು ಸಲ ರಾತ್ರೋರಾತ್ರಿ ನಷ್ಟ. ಮಿಲ್ಲಿನ ಕೈಗುಣ ಅಂದರೆ ಅದಲ್ಲ. ಒಂದು ಕ್ವಿಂಟಾಲ್ ಶೇಂಗಾ ಬೀಜಕ್ಕೆ ಎಷ್ಟು ಕೆಜಿ ಎಣ್ಣೆ ಇಳೀತು, ಹಿಂಡಿಯಲ್ಲಿ ಎಷ್ಟು ಉಳೀತು, ಯೂನಿಟ್ ಕರೆಂಟ್ ಎಷ್ಟು. ಇದು ದಿನಾ ಅಳೆಯೋಕೆ ಬರುತ್ತೆ.

ಒಂದು ತಮಾಷೆ ಏನಂದ್ರೆ, ಎಲ್ಲರಿಗೂ ಒಂದೇ ಥರ ಮೆಷಿನ್, ಒಂದೇ ಥರ ಕೆಲಸಗಾರರು ಆದಷ್ಟೂ ಕೈಗುಣದ ವ್ಯತ್ಯಾಸ ಸಣ್ಣದಾಗುತ್ತೆ. ಆಗ ಯಾರು ಮೇಲೆ ಬರ್ತಾರೆ ಅನ್ನೋದನ್ನ ಕಾಲವೇ ತೀರ್ಮಾನಿಸುತ್ತೆ. ಜಾಣರು ಜಾಸ್ತಿ ಇದ್ದ ಕಡೆ ಅದೃಷ್ಟಕ್ಕೆ ಬೆಲೆ ಜಾಸ್ತಿ. ಷೇರುಪೇಟೆಯೂ ಅಂಥದ್ದೇ ಜಾಗ.

ಮಂಡಕ್ಕಿ ಮಿರ್ಚಿ

ಎಲ್ಲಾ ಅದೃಷ್ಟ ಅಂದ್ರೆ ನಾನು ಒಪ್ಪಲ್ಲ ಅಣ್ಣ. ಬೆಣ್ಣೆ ದೋಸೆ ಹಾಕೋನ ಕೈ ನೋಡಿ. ಹಿಟ್ಟಿನ ಹುಳಿ, ಕಾವಲಿ ಕಾವು, ಬೆಣ್ಣೆ ಬೀಳೋ ಹೊತ್ತು. ದಿನಕ್ಕೆ ಮುನ್ನೂರು ದೋಸೆ, ಮುನ್ನೂರೂ ಒಂದೇ ಥರ.

ಗಾಣದೆಣ್ಣೆ (ಚಳ್ಳಕೆರೆ)

ಒಪ್ಪಿದೆ, ಅಲ್ಲಿ ಕೈಗುಣವೇ. ಗುರುತಿಸೋಕೆ ಒಂದು ಸುಲಭ ದಾರಿ: ಬೇಕಂತಲೇ ಕೆಡಿಸೋಕೆ ಆಗುತ್ತಾ? ದೋಸೆ ಕೆಡಿಸು ಅಂದರೆ ಮುನ್ನೂರೂ ಕೆಡಿಸಬಹುದು. ಲಾಟರಿಯಲ್ಲಿ ಬೇಕಂತ ಸೋಲೋಕೆ ಆಗಲ್ಲ. ಷೇರಿನಲ್ಲಿ ಬ್ರೋಕರೇಜು, ತೆರಿಗೆ ಸುರಿದು ಸೋಲಬಹುದು, ಆದರೆ "ಇಂಡೆಕ್ಸ್‌ಗಿಂತ ಕೆಟ್ಟದಾಗಿ ಓಡೋ ಹತ್ತು ಷೇರು ಆರಿಸು" ಅಂದರೆ ಅದೂ ಕಷ್ಟ. ದೋಸೆ ಕೈಗುಣ ಆದರೂ, ಆ ಹೋಟೆಲ್ ಇರೋ ರಸ್ತೆ ಅಗಲ ಆಗಿ ಪಾರ್ಕಿಂಗ್ ಸಿಕ್ಕಿದ್ದು ಕಾಲ. ಗಿರಾಕಿ ಸಂಖ್ಯೆಯಲ್ಲಿ ಎರಡೂ ಕಲಸಿರುತ್ತೆ.

ಕೋಟೆ ಬುರುಜು (ಚಿತ್ರದುರ್ಗ)

ಸೈಟಿನ ಮಾತು ಯಾರೂ ಎತ್ತಲಿಲ್ಲ. 2004ರಲ್ಲಿ 2 ಲಕ್ಷಕ್ಕೆ ತಗೊಂಡ ಸೈಟು 2024ರಲ್ಲಿ 20 ಲಕ್ಷ ಅಂದರೆ ಹತ್ತು ಪಟ್ಟು, ಕೇಳೋಕೆ ಭಾರಿ. ವರ್ಷಕ್ಕೆ ಶೇ 12.2 ಅಷ್ಟೇ. ನೋಂದಣಿ, ಕಂದಾಯ, ಬೇಲಿ ಖರ್ಚು ಕಳೆದರೆ ಇನ್ನೂ ಕಡಿಮೆ. ಅದೇ ಲೇಔಟಿನ ಎಲ್ಲ ಸೈಟೂ ಅಷ್ಟೇ ಏರಿರುತ್ತೆ. ಖಾತೆ ಆಗದ್ದು, ಕೋರ್ಟಿನಲ್ಲಿ ಕೂತಿದ್ದು, ಕೆರೆ ಅಂಗಳ ಅಂತ ಹೋದದ್ದು ಯಾರ ಬಾಯಲ್ಲೂ ಬರಲ್ಲ. ಕೋಚಿಂಗ್ ಫ್ಲೆಕ್ಸೂ ಹಂಗೇ. ಹನ್ನೆರಡು ಮಕ್ಕಳ ಫೋಟೋ ಇರುತ್ತೆ, ಸೇರಿದ್ದು ಎಷ್ಟು ಜನ ಅನ್ನೋ ನಂಬರ್ ಇರಲ್ಲ. ಪ್ರವೇಶಕ್ಕೆ ಮೊದಲೇ ಆರಿಸಿಕೊಂಡ ಮಕ್ಕಳಾ ಅಂತಲೂ ಕೇಳಿ.

ಗುಂಡಿ ಸರ್ಕಲ್ (ದಾವಣಗೆರೆ)

ಹಳೇದು ಹೋಗ್ಲಿ. ಇವತ್ತಿನಿಂದ ಶುರು ಮಾಡೋನು ಏನು ಬರೆದಿಡಬೇಕು?

ಮಂಡಿಪೇಟೆ ಲೆಕ್ಕ

ತಗೊಳ್ಳೋ ಮೊದಲು ಒಂದು ಸಾಲು: ತಾರೀಕು, ಬೆಲೆ, ಅವತ್ತಿನ ನಿಫ್ಟಿ, ಯಾಕೆ ತಗೊಂಡೆ, ಎಷ್ಟು ಕಾಲಕ್ಕೆ, ಏನಾದರೆ ನಾನು ತಪ್ಪು ಅಂತ ಒಪ್ಕೋತೀನಿ, ಇಂಡೆಕ್ಸ್‌ನ್ನ ಮೀರೋ ಸಂಭವ ಶೇಕಡಾ ಎಷ್ಟು. ಪೆನ್ನಿನಲ್ಲಿ ಬರೆಯಿರಿ, ಇಲ್ಲಾ ನಿಮಗೇ ಮೇಲ್ ಕಳಿಸಿಕೊಳ್ಳಿ. ಶೀಟಿನಲ್ಲಿಟ್ಟರೆ ಆಮೇಲೆ ಕೈ ತುರಿಸಿ ಕಾರಣ ತಿದ್ದುತ್ತೀರಿ, ತಿದ್ದಿದ್ದು ನೆನಪೂ ಇರಲ್ಲ.

ಕಾಲ ಮುಗಿದ ಮೇಲೆ ಅಂಕ ಹಾಕಿ. ಶೇ 70 ಅಂದಿದ್ದು ಆಯ್ತು ಅಂದರೆ 1ರಿಂದ 0.7 ಕಳೆದು ವರ್ಗ: 0.09. ಆಗಲಿಲ್ಲ ಅಂದರೆ 0.7ರ ವರ್ಗ: 0.49. ಎಲ್ಲದಕ್ಕೂ "ಫಿಫ್ಟಿ ಫಿಫ್ಟಿ" ಅಂದವನ ಸರಾಸರಿ 0.25. ಮೂವತ್ತು ನಲವತ್ತು ಸಾಲಾದ ಮೇಲೆ ನಿಮ್ಮ ಸರಾಸರಿ 0.25ಕ್ಕಿಂತ ಮೇಲಿದ್ದರೆ ನಾಣ್ಯವೇ ವಾಸಿ. ಲಾಭದಲ್ಲಿದ್ದರೂ ವಾಸಿ.

ಇನ್ನೊಂದು ಪರಿಶೀಲನೆ ಜನ ಮಾಡೋದೇ ಇಲ್ಲ: ಏರಿದ ಷೇರು ನೀವು ಬರೆದ ಕಾರಣಕ್ಕೇ ಏರಿತಾ? "ಹೊಸ ಘಟಕ ಶುರುವಾಗುತ್ತೆ" ಅಂತ ತಗೊಂಡಿರಿ, ಘಟಕ ಶುರುವಾಗಲೇ ಇಲ್ಲ, ಯಾರೋ ಕಂಪನಿನೇ ಕೊಂಡರು ಅಂತ ಬೆಲೆ ಏರಿತು. ದುಡ್ಡು ನಿಮ್ಮದು, ಆದರೆ ಆ ಸಾಲಿನ ಮುಂದೆ "ಕಾರಣ ತಪ್ಪು" ಅಂತಲೇ ಬರೀಬೇಕು.

ಒಣಬೇಸಾಯ (ಜಗಳೂರು)

ಎಕ್ಸ್‌ಐಆರ್‌ಆರ್ ಹಾಕಿದರೆ #NUM! ಅನ್ನೋ ಎರರ್ ಬರ್ತಿದೆ. ಯಾಕೆ?

ಮಂಡಿಪೇಟೆ ಲೆಕ್ಕ

ಸಾಮಾನ್ಯವಾಗಿ ಎಲ್ಲ ಮೊತ್ತವೂ ಪ್ಲಸ್ ಆಗಿರುತ್ತೆ. ಕನಿಷ್ಠ ಒಂದು ಮೈನಸ್, ಒಂದು ಪ್ಲಸ್ ಬೇಕೇ ಬೇಕು. ಎರರ್ ಬರೋದು #VALUE! ಅಂತಾದರೆ ತಾರೀಕು ಅಕ್ಷರವಾಗಿ ಕೂತಿದೆ: ಲೆಡ್ಜರ್‌ನಲ್ಲಿ 13-05-2021 ಅಂತ ಬಂದಿರುತ್ತೆ, ಶೀಟು ಅಮೆರಿಕದ ಕ್ರಮದಲ್ಲಿ ತಿಂಗಳು ಮೊದಲು ಓದಿ, 13ನೇ ತಿಂಗಳಿಲ್ಲ ಅಂತ ಬಿಟ್ಟುಬಿಡುತ್ತೆ. 05-06-2021 ಥರದ್ದು ಇನ್ನೂ ಅಪಾಯ, ಜೂನ್ 5ರ ಬದಲು ಮೇ 6 ಅಂತ ಓದಿಕೊಂಡು ಎರರ್ ಇಲ್ಲದೇ ತಪ್ಪು ಉತ್ತರ ಕೊಡುತ್ತೆ. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ (ದೇಶದ ಆಯ್ಕೆ) ಇಂಡಿಯಾ ಮಾಡಿ, ಲೆಡ್ಜರನ್ನ ಮತ್ತೆ ಅಂಟಿಸಿ.